ದಡಕ್ಕೊಂದು ಹೆಸರು

ಫ್ರಾನ್ಸಿಸ್ ಮೂರ್ ಎಂಬ ಇಂಗ್ಲಿಷಿನವನೊಬ್ಬ 1735ರಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಹೊರಟ. ಅಲ್ಲಿನ ಉಗ್ರಾಣದ ಉಸ್ತುವಾರಿ ಅವನಿಗೆ ವಹಿಸಿದ ಕೆಲಸ. ಆ ವಸಾಹತಿನ ಮೊದಲ ಊರಾದ ಸವಾನಾ ಹುಟ್ಟಿ ಆಗಿನ್ನೂ ಮೂರು ವರ್ಷವೂ ತುಂಬಿರಲಿಲ್ಲ. ಊರು ನಿಂತದ್ದು ನದಿಯ ಪಕ್ಕದಲ್ಲಿ ನೆಟ್ಟಗೆ ಎದ್ದ ಸುಮಾರು 40 ಅಡಿ ಎತ್ತರದ ಮರಳುದಡದ ಮೇಲೆ. ಅಂಥ ದಡವನ್ನು ಅಲ್ಲಿಯ ಜನ ‘ಬ್ಲಫ್’ ಎಂದು ಕರೆಯುತ್ತಿದ್ದರು. ಮೂರ್‌ಗೆ ಆ ಮಾತು ಹಿಡಿಸಲಿಲ್ಲ. 1744ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ, ಇದು ಇವರ ಅನಾಗರಿಕ ಇಂಗ್ಲಿಷು ಎಂದು ಬರೆದುಬಿಟ್ಟ. ಅಮೆರಿಕದವರ ಇಂಗ್ಲಿಷ್ ಪದವೊಂದರ ಮೇಲೆ ಬ್ರಿಟಿಷರು ಅಚ್ಚಿನಲ್ಲಿ ತೆಗೆದ ಮೊದಲ ತಕರಾರು ಇದೇ ಎಂದು ಭಾಷೆಯ ಇತಿಹಾಸ ಬರೆದವರು ಎಣಿಸುತ್ತಾರೆ.

ಮೂರ್ ಬರೆದ ಆ ಮಾತು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜೊತೆಗೆ ಅವನಿಗೊಂದು ನಮಸ್ಕಾರವನ್ನೂ ಹೇಳಬೇಕೆನಿಸುತ್ತದೆ. ಅವನು ಮೂಗು ಮುರಿಯದಿದ್ದರೆ, ಆ ಕಾಲದಲ್ಲಿ ದೋಣಿಯವರೂ ಕೂಲಿಯವರೂ ಆಡುತ್ತಿದ್ದ ಆ ಮಾತಿನ ಗುರುತು ನಮಗೆ ಇಷ್ಟು ಸ್ಪಷ್ಟವಾಗಿ ಸಿಗುತ್ತಿರಲಿಲ್ಲ.

ನಮ್ಮಲ್ಲಿ ಬ್ಲಫ್ ಎಂದರೆ ಬುರುಡೆ ಬಿಡುವುದು. ‘ಬ್ಲಫ್ ಹೊಡೀಬೇಡ’ ಎಂದು ಇಂಗ್ಲಿಷ್ ಬಾರದವರೂ ಹೇಳುತ್ತಾರೆ. ಹಾಸ್ಟೆಲಿನ ಹುಡುಗರು ಇಸ್ಪೀಟಿನಲ್ಲಿ ಆಡುವ ಒಂದು ಆಟದ ಹೆಸರೂ ಅದೇ. ಹೀಗಿರುವಾಗ ಕಡಿದಾದ ದಡಕ್ಕೂ ಈ ಹೆಸರಿದೆ ಎಂದರೆ ಯಾರಿಗಾದರೂ ಗಲಿಬಿಲಿಯಾಗುವುದು ಸಹಜ. ಇವೆರಡೂ ಬೇರೆ ಬೇರೆ ಮಾತುಗಳು. ಎರಡೂ ಡಚ್ಚರ ಕಡೆಯಿಂದ ಬಂದಿರಬೇಕೆಂದು ನಿಘಂಟುಕಾರರ ಎಣಿಕೆ. ದಡದ ಬ್ಲಫ್ ಹುಟ್ಟಿದ್ದು ಹಡಗಿನವರ ಬಾಯಲ್ಲಿ. ಹಡಗಿನ ಮೂತಿ ಚೂಪಾಗಿರದೆ ಅಗಲವಾಗಿ, ಚಪ್ಪಟೆಯಾಗಿ, ನೀರಿಗೆ ಎದೆಯೊಡ್ಡಿ ನಿಂತಂತೆ ಇದ್ದರೆ ಅದು ‘ಬ್ಲಫ್’ ಮೂತಿ. ಕ್ಯಾಪ್ಟನ್ ಕುಕ್ ಲೋಕ ಸುತ್ತಿದ ಎಂಡೆವರ್ ಹಡಗಿನದು ಅಂಥದೇ ಮೂತಿ. ಅದು ಮೊದಲು ಇಂಗ್ಲೆಂಡಿನ ವಿಟ್ಬಿಯಲ್ಲಿ ಕಲ್ಲಿದ್ದಲು ಸಾಗಿಸಲೆಂದೇ ಕಟ್ಟಿದ ಹಡಗು. ಅಮೆರಿಕದ ಹೊಳೆಗಳಿಗೆ ಬಂದಿಳಿದವರು ಹಾಗೆಯೇ ಎದೆಯೊಡ್ಡಿ ನಿಂತ ದಡಗಳನ್ನು ಕಂಡು, ಗೊತ್ತಿದ್ದ ಮಾತನ್ನೇ ಅವಕ್ಕೆ ಇಟ್ಟರು.

ಇದೇ ಮಾತನ್ನು ಇಂಗ್ಲಿಷಿನಲ್ಲಿ ಮನುಷ್ಯರಿಗೂ ಹೇಳುತ್ತಾರೆ. ಬ್ಲಫ್ ಮನುಷ್ಯ ಎಂದರೆ ಒರಟು ಮಾತಿನವ, ಆದರೆ ಒಳಗೊಂದು ಹೊರಗೊಂದು ಇಲ್ಲದವ. ಹಾಗಾಗಿ ಒಂದೇ ಅಕ್ಷರಗಳಲ್ಲಿ ಬರೆಯುವ ಈ ಪದ ಒಂದು ಕಡೆ ಮುಚ್ಚುಮರೆಯಿಲ್ಲದವನನ್ನು ಹೇಳುತ್ತದೆ, ಇನ್ನೊಂದು ಕಡೆ ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಇದೆಯೆಂದು ನಟಿಸುವವನನ್ನು. ಆ ನಟನೆಯ ಬ್ಲಫ್ ಹರಡಿದ್ದು ಪೋಕರ್ ಆಟದ ಜೊತೆಗೆ, 19ನೇ ಶತಮಾನದಲ್ಲಿ, ಮಿಸಿಸಿಪ್ಪಿ ನದಿಯ ಉಗಿದೋಣಿಗಳಲ್ಲಿ. ಹೊರಗೆ ದಡದಲ್ಲಿ ಒಂದು ಬ್ಲಫ್, ಒಳಗೆ ಮೇಜಿನ ಮೇಲೆ ಇನ್ನೊಂದು. ಎರಡೂ ಒಂದೇ ಹೊಳೆಯಲ್ಲಿ ಸಾಗಿದವು.

ಇಂಗ್ಲಿಷಿನಲ್ಲಿ ಕಡಿದಾದ ಬಂಡೆಗೆ ‘ಕ್ಲಿಫ್’ ಎಂಬ ಮಾತು ಮೊದಲೇ ಇತ್ತು. ಡೋವರ್‌ನ ಸಮುದ್ರತೀರದ ಬಿಳಿ ಸುಣ್ಣಗೋಡೆಗಳನ್ನು ಹಾಗೆಯೇ ಕರೆಯುತ್ತಾರೆ. ಮತ್ತೊಂದು ಮಾತು ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಆ ನೆಲದಲ್ಲಿಯೇ ಇದೆ. ಜಾರ್ಜಿಯಾದ ಕರಾವಳಿ ಮೈಲಿಗಟ್ಟಲೆ ಜೌಗು. ಉಬ್ಬರ ಬಂದಾಗ ಮುಳುಗುವ, ಇಳಿದಾಗ ಕೆಸರಾಗುವ ಹುಲ್ಲುಬಯಲು. ಅಂಥ ಕಡೆ 40 ಅಡಿ ಎತ್ತರವೆಂದರೆ ಜೀವ ಉಳಿಸುವ ಎತ್ತರ. ಮನೆಯ ನೆಲ ಒಣಗಿರುತ್ತದೆ, ನೆರೆ ಮೇಲೇರುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ನದಿ ತಿರುವು ತೆಗೆದುಕೊಳ್ಳುವಾಗ ಹೊರಮೈಯ ದಡವನ್ನು ಕೊರೆಯುತ್ತದೆ, ಒಳಮೈಯಲ್ಲಿ ಮರಳು ಬಿಡುತ್ತದೆ. ಬ್ಲಫ್ ಎದ್ದಿರುವುದೇ ಆ ಕೊರೆಯುವ ಕಡೆ. ಆದ್ದರಿಂದ ಅದರ ಬುಡದಲ್ಲಿ ನೀರು ಆಳವಾಗಿರುತ್ತದೆ, ಹಡಗು ದಡಕ್ಕೆ ತೀರ ಹತ್ತಿರ ಬಂದು ನಿಲ್ಲಬಹುದು. ಊರು ಕಟ್ಟಲು ಮೇಲೆ ಒಣ ನೆಲ, ಸರಕು ಇಳಿಸಲು ಕೆಳಗೆ ಆಳವಾದ ನೀರು. ವಸಾಹತಿನವನು ‘ಅಲ್ಲೊಂದು ಬ್ಲಫ್ ಇದೆ’ ಎಂದರೆ ಈ ಎರಡೂ ಕೇಳುವವನಿಗೆ ತಿಳಿಯುತ್ತಿತ್ತು. ಲಂಡನ್ನಿನಿಂದ ಬಂದ ಮೂರ್‌ಗೆ ಕಂಡದ್ದು ಬರೀ ಒಂದು ಮರಳಿನ ದಡ.

ಸವಾನಾದಲ್ಲಿ ಈಗಲೂ ಈ ದಡ ಊರನ್ನು ಎರಡು ಅಂತಸ್ತಾಗಿ ಮಾಡಿದೆ. ಮೇಲೆ ಬೇ ಸ್ಟ್ರೀಟ್, ಕೆಳಗೆ ನದಿಯ ಪಕ್ಕ ರಿವರ್ ಸ್ಟ್ರೀಟ್. ನಡುವೆ ಕಡಿದಾದ ಕಲ್ಲಿನ ಮೆಟ್ಟಿಲುಗಳು, ಇಳಿಜಾರು ಹಾದಿಗಳು. ಸರಕಿಲ್ಲದೆ ಬರುವ ಹಡಗುಗಳು ತೂಕಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಂಡು ಬಂದು ಇಲ್ಲಿ ಸುರಿದುಹೋದ ಕಲ್ಲುಗಳನ್ನೇ ಆ ಹಾದಿಗಳಿಗೆ ಹಾಸಿದ್ದಾರೆ. ದಡಕ್ಕೆ ಒರಗಿಸಿ ಕಟ್ಟಿದ ಹಳೆಯ ಹತ್ತಿ ಮಳಿಗೆಗಳಿಗೆ ಬುಡದ ಬೀದಿಯಿಂದಲೂ ಬಾಗಿಲು, ಮೇಲಿನ ಅಂತಸ್ತಿಗೆ ಸೇತುವೆ ಹಾಕಿ ತಲೆಯ ಮೇಲಿನ ಬೀದಿಯಿಂದಲೂ ಬಾಗಿಲು. ವಸಾಹತು ಕಟ್ಟಿದ ಜನರಲ್ ಓಗಲ್‌ಥಾರ್ಪ್ 1733ರ ಫೆಬ್ರುವರಿಯಲ್ಲಿ ತನ್ನವರೊಂದಿಗೆ ಬಂದಿಳಿದಾಗ ಈ ದಡದ ಮೇಲೆ ಯಾಮಕ್ರಾ ಜನರ ಹಳ್ಳಿಯಿತ್ತು. ಅವರ ಹಿರಿಯ ಟೊಮೊಚಿಚಿ ಒಪ್ಪಿದ್ದರಿಂದಲೇ ಊರು ಎದ್ದಿತು. ಈ ನೆಲ ಚರಿತ್ರೆಯಲ್ಲಿ ಉಳಿದದ್ದು ‘ಯಾಮಕ್ರಾ ಬ್ಲಫ್’ ಎಂದು. ನೆಲದ ಒಡೆಯರ ಹೆಸರು ಅರ್ಧ, ಬಂದವರ ಮಾತು ಅರ್ಧ.

ಅಲ್ಲಿಂದ ಆ ಮಾತು ಪಶ್ಚಿಮಕ್ಕೆ ಹೊಳೆಗಳ ಗುಂಟ ನಡೆಯಿತು. ಮೆಂಫಿಸ್, ನ್ಯಾಚೆಸ್, ವಿಕ್ಸ್‌ಬರ್ಗ್, ಬ್ಯಾಟನ್ ರೂಜ್ ಎಲ್ಲವೂ ಮಿಸಿಸಿಪ್ಪಿಯ ಬ್ಲಫ್‌ಗಳ ಮೇಲೆ ಕುಳಿತ ಊರುಗಳು. ಅರ್ಕಾನ್ಸಾದಲ್ಲಿ ಪೈನ್ ಬ್ಲಫ್, ಮಿಸೌರಿಯಲ್ಲಿ ಪಾಪ್ಲರ್ ಬ್ಲಫ್, ಕ್ಯಾಲಿಫೋರ್ನಿಯಾದಲ್ಲಿ ರೆಡ್ ಬ್ಲಫ್. 1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಮಿಸೌರಿ ನದಿಯ ದಡದ ಮೇಲೆ ಓಟೊ ಮತ್ತು ಮಿಸೌರಿಯಾ ಜನರೊಂದಿಗೆ ಸಭೆ ಕೂಡಿದ ನೆನಪಿಗೆ ಕೌನ್ಸಿಲ್ ಬ್ಲಫ್ಸ್. ಆ ಸಭೆಯಾಗಿ ಮೂರು ವಾರ ಕಳೆಯುವ ಮೊದಲೇ ತಂಡದ ಸಾರ್ಜೆಂಟ್ ಚಾರ್ಲ್ಸ್ ಫ್ಲಾಯ್ಡ್ ಹೊಟ್ಟೆನೋವಿನಿಂದ ತೀರಿಕೊಂಡ. ಇಡೀ ಪಯಣದಲ್ಲಿ ಸತ್ತವನು ಅವನೊಬ್ಬನೇ. ಎತ್ತರದ ಒಂದು ಬ್ಲಫ್ ನೆತ್ತಿಯಲ್ಲಿ ಹೂತರು. ನದಿ ಆ ದಡವನ್ನು ತಿನ್ನುತ್ತಲೇ ಬಂತು. 1857ರ ಹೊತ್ತಿಗೆ ಗೋರಿಯೇ ಕುಸಿದು ಬಾಯ್ತೆರೆಯಿತು. ಸುತ್ತಲಿನ ಜನ ಎಲುಬುಗಳನ್ನು ಆರಿಸಿ ಹಿಂದಕ್ಕೆ ಒಯ್ದು ಮತ್ತೆ ಹೂಳಿದರು. 1901ರಲ್ಲಿ ಎದ್ದ 100 ಅಡಿಯ ಕಲ್ಲುಕಂಬ ಈಗ ಅಲ್ಲಿ ನಿಂತಿದೆ.

ಮಿಸಿಸಿಪ್ಪಿ, ಮಿಸೌರಿ ಕಡೆಯ ಈ ದಡಗಳು ಹೀಗೆ ಕುಸಿಯುವುದೂ ನೆಟ್ಟಗೆ ನಿಲ್ಲುವುದೂ ಅವುಗಳ ಮಣ್ಣಿನ ಗುಣ. ಹಿಮಯುಗದಲ್ಲಿ ಹಿಮನದಿಗಳು ಕಲ್ಲನ್ನು ಅರೆದು ಹಿಟ್ಟು ಮಾಡಿದವು. ಕರಗಿದ ನೀರು ಆ ಹಿಟ್ಟನ್ನು ಹೊಳೆಯ ಬಯಲಿಗೆ ತಂದು ಹರಡಿತು. ಅದು ಒಣಗಿದಾಗ ಗಾಳಿ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ರಾಶಿ ಹಾಕಿತು. ಇದಕ್ಕೆ ಲೋಯಸ್ ಎನ್ನುತ್ತಾರೆ. ಕೈಯಲ್ಲಿ ಹಿಡಿದರೆ ಹಳದಿ ಹಿಟ್ಟು. ಕಣಗಳು ಮೂಲೆಮೂಲೆಯಾಗಿರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಇಳಿಜಾರಾಗಿ ಕತ್ತರಿಸಿದರೆ ಮಳೆಗೆ ಕೊಚ್ಚಿಹೋಗುತ್ತದೆ, ಗೋಡೆಯಂತೆ ನೆಟ್ಟಗೆ ಕತ್ತರಿಸಿದರೆ ವರ್ಷಾನುಗಟ್ಟಲೆ ನಿಲ್ಲುತ್ತದೆ. ವಿಕ್ಸ್‌ಬರ್ಗ್ ಸುತ್ತ ರಸ್ತೆ ಕಡಿಯುವವರು ಇದನ್ನರಿತೇ ಪಕ್ಕದ ಮಣ್ಣನ್ನು ನೇರವಾಗಿ ಕೆತ್ತಿಬಿಡುತ್ತಾರೆ.

1863ರ ಬೇಸಿಗೆಯಲ್ಲಿ ಈ ಮಣ್ಣೇ ಆ ಊರಿನವರ ಜೀವ ಕಾಯಿತು. ಅಂತರ್ಯುದ್ಧದಲ್ಲಿ ಜನರಲ್ ಗ್ರಾಂಟ್‌ನ ಸೈನ್ಯ ವಿಕ್ಸ್‌ಬರ್ಗ್‌ಗೆ 47 ದಿನ ಮುತ್ತಿಗೆ ಹಾಕಿತು. ನದಿಯಿಂದಲೂ ನೆಲದಿಂದಲೂ ಗುಂಡು. ಊರಿನ ಜನ ಬ್ಲಫ್‌ನ ಒಡಲಲ್ಲಿ ಗುಹೆ ತೋಡಿ ಒಳಗೆ ಸೇರಿಕೊಂಡರು. ಹೆಚ್ಚಿನ ಕಡೆ ಗುದ್ದಲಿ ಹಿಡಿದವರು ಗುಲಾಮಗಿರಿಯಲ್ಲಿದ್ದ ಕರಿಯರು. ಆಸರೆ ಸಿಕ್ಕಿದ್ದು ಯಜಮಾನರಿಗೆ, ಬೆವರು ಅವರದು. ಈ ಮಾತನ್ನು ಬಿಟ್ಟು ಆ ಗುಹೆಗಳ ಕಥೆ ಹೇಳಬಾರದು. ಕೆಲವು ಗುಹೆಗಳಲ್ಲಿ ಎರಡು ಮೂರು ಕೋಣೆ, ಮಂಚ, ನೆಲಕ್ಕೆ ಜಮಖಾನೆ. ಅಲ್ಲಿ ದಿನ ಕಳೆದ ಮೇರಿ ಲಾಫ್‌ಬರೋ ಎಂಬ ಹೆಣ್ಣುಮಗಳು ಮರುವರ್ಷವೇ ಆ ಅನುಭವವನ್ನು ಪುಸ್ತಕವಾಗಿ ಬರೆದಳು. ಜುಲೈ 4ರಂದು ಊರು ಶರಣಾಯಿತು. ಯಾವ ತಿರುವಿನಿಂದಾಗಿ ಆ ಬ್ಲಫ್‌ಗೆ ಅಷ್ಟು ಬೆಲೆಯಿತ್ತೋ ಆ ತಿರುವನ್ನು 1876ರಲ್ಲಿ ಮಿಸಿಸಿಪ್ಪಿಯೇ ಕಡಿದುಕೊಂಡು ಬೇರೆ ದಾರಿ ಹಿಡಿಯಿತು. ಊರು ದಡದ ಮೇಲೆಯೇ ಉಳಿಯಿತು, ನದಿ ದೂರವಾಯಿತು. ಮತ್ತೆ ನೀರು ತರಲು ಕಾಲುವೆ ತೋಡಬೇಕಾಯಿತು.

ಎತ್ತರ ಎಲ್ಲರನ್ನೂ ಕಾಯುವುದಿಲ್ಲ. 1861ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಬಾಲ್ಸ್ ಬ್ಲಫ್‌ನಲ್ಲಿ ಉತ್ತರದ ಸೈನಿಕರು ಪೊಟೊಮ್ಯಾಕ್ ನದಿ ದಾಟಿ ದಡದ ಮೇಲಕ್ಕೆ ಏರಿದರು. ಸೋತು ಹಿಂದೆ ಸರಿದಾಗ ಅವರ ಬೆನ್ನ ಹಿಂದಿದ್ದದ್ದು ಸುಮಾರು 100 ಅಡಿಯ ಕಡಿದಾದ ದಡ, ಅದರ ಕೆಳಗೆ ನದಿ. ಬಿದ್ದವರು, ಮುಳುಗಿದವರು ಬಹಳ. ಲಿಂಕನ್ನರ ಗೆಳೆಯ, ಸೆನೆಟರ್ ಎಡ್ವರ್ಡ್ ಬೇಕರ್ ಸತ್ತದ್ದು ಈ ಕದನದಲ್ಲಿಯೇ.

ದಡವನ್ನು ಮೇಲಿನಿಂದ ನೋಡಿದವರ ಮಾತಾಯಿತು. ಇನ್ನು ನೀರಿನೊಳಗಿನ ಬ್ಲಫ್. ಮಾರ್ಕ್ ಟ್ವೇನ್ ಬರಹಗಾರನಾಗುವ ಮೊದಲು, 1857ರಿಂದ, ಹೊರೇಸ್ ಬಿಕ್ಸ್‌ಬಿ ಎಂಬ ಗುರುವಿನ ಕೈಕೆಳಗೆ ಉಗಿದೋಣಿ ನಡೆಸುವ ವಿದ್ಯೆ ಕಲಿತ. 1883ರ ‘ಲೈಫ್ ಆನ್ ದಿ ಮಿಸಿಸಿಪ್ಪಿ’ ಪುಸ್ತಕದಲ್ಲಿ ಆ ದಿನಗಳನ್ನು ನೆನೆಯುವಾಗ ‘ಬ್ಲಫ್ ರೀಫ್’ ಎಂಬುದೊಂದನ್ನು ಹೇಳುತ್ತಾನೆ. ನೀರಿನ ಮೇಲೆ ಓರೆಯಾಗಿ ಒಂದು ಗೆರೆ ಕಾಣುತ್ತದೆ. ಅದರ ಅಡಿಯಲ್ಲಿ ನೆಟ್ಟಗೆ ಎದ್ದ ಮರಳಿನ ದಿಬ್ಬ. ಡಿಕ್ಕಿ ಹೊಡೆದರೆ ದೋಣಿ ಮುಗಿದಂತೆ. ಹುಡುಗ ಅದನ್ನು ಕಲಿತ. ಮುಂದೊಮ್ಮೆ ಗುರು ಬೇಕೆಂದೇ ಅವನನ್ನು ಒಂಟಿಯಾಗಿ ಬಿಟ್ಟು ಮರೆಯಲ್ಲಿ ನಿಂತಾಗ ಅಂಥದೇ ಗೆರೆ ಎದುರಿಗೆ ಬಂತು. ಹುಡುಗ ಹೆದರಿ ದೋಣಿಯನ್ನು ಹಿಂದಕ್ಕೆಳೆಯಲು ಗಂಟೆಯ ಮೇಲೆ ಗಂಟೆ ಬಾರಿಸಿದ. ಗುರು ಬಂದು, ಅದರ ಮೇಲೆಯೇ ಹೋಗು ಎಂದ. ದೋಣಿ ಸರಾಗವಾಗಿ ಹಾದುಹೋಯಿತು. ಅದು ಬರೀ ಗಾಳಿ ನೀರಿನ ಮೇಲೆ ಎಬ್ಬಿಸಿದ ಗೆರೆ. ಎರಡೂ ಒಂದೇ ತರ ಕಾಣುವಾಗ ಗುರುತು ಹಿಡಿಯುವುದು ಹೇಗೆ ಎಂದು ಹುಡುಗ ಕೇಳಿದರೆ ಬಿಕ್ಸ್‌ಬಿ ಉತ್ತರ ಹೇಳಲಾಗದೆ, ದಿನ ಹೋದಂತೆ ನಿನಗೇ ಗೊತ್ತಾಗುತ್ತದೆ ಎಂದ. ಆಗಿದ್ದೂ ಹಾಗೆಯೇ. ಕಸುಬಿನವನ ಕಣ್ಣಿಗೆ ಮಾತ್ರ ತಿಳಿಯುವ ವ್ಯತ್ಯಾಸಕ್ಕೆ ಕಸುಬಿನವರೇ ಹೆಸರಿಟ್ಟುಕೊಂಡಿದ್ದರು. ಅಂಥ ಮಾತು ನಿಘಂಟು ಬರೆಯುವವನಿಗೆ ತಾನಾಗಿ ಹೊಳೆಯುವುದಿಲ್ಲ.

ಕೆನಡಾಕ್ಕೆ ಹೋದಾಗ ಈ ಮಾತು ಇನ್ನೂ ಒಂದು ರೂಪ ತಾಳಿತು. ಟೊರಾಂಟೊದಲ್ಲಿರುವ ಕನ್ನಡಿಗರು ಸ್ಕಾರ್ಬರೊ ಬ್ಲಫ್ಸ್ ನೋಡಿರುತ್ತಾರೆ. ಒಂಟಾರಿಯೊ ಸರೋವರದ ಅಂಚಿನಲ್ಲಿ ಸುಮಾರು 15 ಕಿಲೋಮೀಟರ್ ಉದ್ದಕ್ಕೆ, ಕೆಲವೆಡೆ 90 ಮೀಟರ್ ಎತ್ತರಕ್ಕೆ ಎದ್ದ ಜೇಡಿ ಮತ್ತು ಮರಳಿನ ಗೋಡೆ ಅದು. ಅಲ್ಲಿನ ಲೆಫ್ಟಿನೆಂಟ್ ಗವರ್ನರನ ಹೆಂಡತಿ ಎಲಿಜಬೆತ್ ಸಿಮ್ಕೊ 1793ರಲ್ಲಿ ಅದನ್ನು ಕಂಡು ಯಾರ್ಕ್‌ಷೈರಿನ ಸ್ಕಾರ್ಬರೊ ತೀರವನ್ನು ನೆನೆದಳು. ಹೆಸರು ಹಾಗೆ ಬಂತು. ಆದರೆ ಅದೇ ದೇಶದ ಪಶ್ಚಿಮದ ಹುಲ್ಲುಗಾವಲಿನ ರೈತನಿಗೆ ಬ್ಲಫ್ ಎಂದರೆ ದಡವೂ ಅಲ್ಲ, ಬಂಡೆಯೂ ಅಲ್ಲ. ಬಯಲಿನ ನಡುವೆ ಒತ್ತಾಗಿ ನಿಂತ ನಾಲ್ಕು ಮರಗಳ ತೋಪು! ಅವನ ನೆಲದಲ್ಲಿ ಎದ್ದು ಕಾಣುವುದು ಅದೊಂದೇ.

ಈ ಮಾತು ನಮ್ಮ ಕಾವೇರಿಗೂ ಬಂದು ನೆಲೆಸಿದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಗಗನಚುಕ್ಕಿಯ ಪಕ್ಕದ, ವಿದ್ಯುತ್ ಕೇಂದ್ರದ ಮೇಲಿನ ಜಾಗಕ್ಕೆ ಜನ ಇವತ್ತಿಗೂ ಬ್ಲಫ್ ಎನ್ನುತ್ತಾರೆ. ಬೆಂಗಳೂರಿನಿಂದ ಹೋದವರು ಆ ಹೆಸರು ಕೇಳಿದರೆ ನಗುತ್ತಾರೆ, ಯಾರೋ ತಮಾಷೆಗೆ ಇಟ್ಟಿರಬೇಕು ಎಂದುಕೊಳ್ಳುತ್ತಾರೆ. ಅದು ನಾಡಿನ ದೊಡ್ಡ ಕೆಲಸವೊಂದರ ಜೊತೆಗೆ ಬಂದ ಮಾತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆ ಹೊತ್ತವರು ಎ. ಸಿ. ಜೋಲಿ ದ ಲೋಟ್ಬಿನಿಯೇರ್ ಎಂಬ ಇಂಜಿನಿಯರು. ಅವರು ಕೆನಡಾದ ಕ್ವಿಬೆಕ್ ಕಡೆಯವರು. ನೀರಿನ ಚಕ್ರಗಳು ಬಂದದ್ದು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ಹೊಳೆಯ ನೀರನ್ನು ಕಾಲುವೆಯಲ್ಲಿ ತಂದು, ಕಡಿದಾದ ಬಂಡೆಯ ನೆತ್ತಿಯಲ್ಲಿ ನಿಲ್ಲಿಸಿ, ಅಲ್ಲಿಂದ ಸುಮಾರು 400 ಅಡಿ ಕೆಳಕ್ಕೆ ದಪ್ಪ ಕೊಳವೆಗಳಲ್ಲಿ ಬಿಡುವುದು ಯೋಜನೆಯ ತಿರುಳು. ಕಾಲುವೆ ಮುಗಿದು ಕೊಳವೆ ಶುರುವಾಗುವ ಆ ನೆತ್ತಿಯೇ ಬ್ಲಫ್. 1902ರ ಜೂನ್ 30ರಂದು ಇಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಷ್ಟು ಉದ್ದದ ತಂತಿ ಆ ಕಾಲಕ್ಕೆ ಲೋಕದಲ್ಲೇ ಅಪರೂಪ. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಇಲ್ಲಿಂದಲೇ.

ಸವಾನಾದಲ್ಲಿ ಮರಳು, ವಿಕ್ಸ್‌ಬರ್ಗ್‌ನಲ್ಲಿ ಗಾಳಿ ತಂದ ಹಿಟ್ಟುಮಣ್ಣು, ನಮ್ಮಲ್ಲಿ ಗಟ್ಟಿ ಬಂಡೆ. ಕಲ್ಲುಮಣ್ಣು ಬೇರೆಯಾದರೂ ಹೊಳೆಯ ಪಕ್ಕ ನೆಟ್ಟಗೆ ಎದ್ದು ನಿಂತ ರೀತಿ ಒಂದೇ. ನೂರಿಪ್ಪತ್ತು ವರ್ಷದಿಂದ ಕನ್ನಡದ ಜನ ಆಡಿ ಸವೆಸಿದ ಈ ಮಾತು ಈಗ ಕನ್ನಡದ್ದೇ ಊರ ಹೆಸರು. ಅದನ್ನು ತಿದ್ದಲು ಹೋಗುವವರು ಮೂರ್ ಮಾಡಿದ್ದನ್ನೇ ಮಾಡುತ್ತಾರೆ.

ಅದೇ ಕಾವೇರಿಯಲ್ಲಿ ಮೇಲಕ್ಕೆ ಹೋದರೆ ರಂಗನತಿಟ್ಟು, ಕೆಳಕ್ಕೆ ಬಂದರೆ ಮೇಕೆದಾಟು. ತಿಟ್ಟು ಎಂದರೆ ನೀರಿಗೆ ಸಿಗದೆ ಎದ್ದುನಿಂತ ನೆಲ. ಮೇಕೆದಾಟು ಎಂದರೆ ಬಂಡೆಗಳ ನಡುವೆ ಹೊಳೆ ಎಷ್ಟು ಇರುಕಾಗಿದೆ ಎಂಬ ಲೆಕ್ಕ. ಈ ಹೆಸರುಗಳನ್ನು ಇಟ್ಟವರು ಮೀನು ಹಿಡಿಯುವವರೋ, ಮೇಕೆ ಕಾಯುವವರೋ ಇರಬೇಕು. ನಮ್ಮಲ್ಲಿ ದಿಣ್ಣೆ, ಮಟ್ಟಿ, ಮರಡಿ, ಅರೆ, ಕೊಳ್ಳ, ಕೊರಕಲು, ಕಮರಿ, ತೆವರು ಎಂದು ಸೀಮೆಗೊಂದು ಮಾತಿದೆ, ಒಂದೊಂದಕ್ಕೂ ತನ್ನದೇ ಅಳತೆಯಿದೆ. ನಮ್ಮ ಪತ್ರಿಕೆಗಳಿಗೆ ಮಾತ್ರ ಘಾಟಿಯಲ್ಲಿ ಬಸ್ಸು ಉರುಳಿದರೆ ಎಲ್ಲವೂ ‘ಪ್ರಪಾತ’. ಹತ್ತು ಅಡಿಯ ಹಳ್ಳಕ್ಕೂ ಅದೇ, ಸಾವಿರ ಅಡಿಯ ಕಮರಿಗೂ ಅದೇ. ಪ್ರಪಾತ ಮೇಲೆ ನಿಂತು ಕೆಳಗೆ ಇಣುಕುವವನ ಮಾತು. ಕೆಳಗೆ ನಿಂತು ಬಂಡೆಯನ್ನು ಕತ್ತೆತ್ತಿ ನೋಡುವವನಿಗೆ ಅದು ಒದಗುವುದಿಲ್ಲ. ಅವನಿಗೆ ಬೇಕಾದ ಮಾತು ಅವನ ಊರಿನಲ್ಲಿಯೇ ಇರುತ್ತದೆ, ನಾವು ಕೇಳಿರುವುದಿಲ್ಲ.

ಶಾಲೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬೇಡಿಕೆ. ಭೂಗೋಳದ ಪಾಠದಲ್ಲಿ ಭೂರೂಪಗಳ ಅಧ್ಯಾಯ ಬಂದಾಗ ಮಕ್ಕಳಿಗೆ ಒಂದು ಮನೆಗೆಲಸ ಕೊಡಿ. ತಮ್ಮೂರಿನ ಎತ್ತರ, ತಗ್ಗು, ದಡ, ಬಂಡೆಗಳಿಗೆ ಅಜ್ಜ ಅಜ್ಜಿ ಏನೆನ್ನುತ್ತಾರೆ, ಕುರಿ ಮೇಯಿಸುವವರು, ದೋಣಿ ಹಾಕುವವರು ಏನೆನ್ನುತ್ತಾರೆ ಎಂದು ಕೇಳಿ ಬರೆದು ತರಲಿ. ಎಷ್ಟು ಎತ್ತರವಿದ್ದರೆ ಆ ಹೆಸರು, ಯಾವ ಮಣ್ಣಿದ್ದರೆ ಆ ಹೆಸರು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ತಂದ ಯಾವ ಮಾತಿಗೂ ಕೆಂಪು ಗೆರೆ ಎಳೆಯಬೇಡಿ.